ಅರ್ಧ ಶಟರಿನ ಕೆಳಗಿಂದ ಕಂಡ ಬೆಂಗಳೂರು

(ಪಶ್ಚಿಮ ಬೆಂಗಳೂರಿನ ಬಡಾವಣೆಯೊಂದರ ನಿವಾಸಿಗಳ ಸಂಘದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ‘ಊರಿನಲ್ಲಿ ಗಲಭೆಯಾದರೆ ನಾವು ಹೇಗೆ ಸಿದ್ಧರಿರಬೇಕು ಎಂದು ಸ್ವಲ್ಪ ಹೇಳಿ’ ಎಂದು ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದಾಗ ನನಗೆ ನಗು ಬಂತು. ಇಂಥ ವಿಷಯಕ್ಕೆ ನಿವೃತ್ತ ಪೊಲೀಸ್ ಅಧಿಕಾರಿಗಳನ್ನು ಕರೆಯುವುದು ರೂಢಿ. ಮೆಡಿಕಲ್ ಸ್ಟೋರಿನವನನ್ನು ಯಾರಾದರೂ ಕರೆಯುತ್ತಾರೆಯೇ? ಅವರು ಬಿಡಲಿಲ್ಲ. ‘ಗಲಾಟೆಯ ದಿನವೂ ಬಾಗಿಲು ತೆರೆದು ಕೂತಿದ್ದವರು ನೀವೊಬ್ಬರೇ ಅಲ್ಲವೇ’ ಎಂದರು.

ತೆರೆದು ಅಲ್ಲ, ಅರ್ಧ ತೆರೆದು. ಬಂದ್‌ಗೆ ಕರೆ ಕೊಡುವವರು ಹಾಲು, ಔಷಧಿ, ಆಂಬುಲೆನ್ಸ್‌ಗೆ ವಿನಾಯಿತಿ ಎಂದು ಹೇಳುವುದು ವಾಡಿಕೆ. ಮೆರವಣಿಗೆ ಅಂಗಡಿಯ ಮುಂದೆ ಬರುವ ಹೊತ್ತಿಗೆ ಆ ಮಾತು ಎಲ್ಲರ ನೆನಪಿನಲ್ಲೂ ಉಳಿದಿರುವುದಿಲ್ಲ. ಆದ್ದರಿಂದ ಶಟರನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಒಳಗೆ ಒಂದೇ ದೀಪ ಹಾಕಿಕೊಂಡು ಕೂರುವುದು ನಮ್ಮ ಕಸುಬಿನ ಹಳೆಯ ಉಪಾಯ. ಗಿರಾಕಿ ಬಗ್ಗಿ ಡಾಕ್ಟರ ಚೀಟಿ ಚಾಚುತ್ತಾನೆ, ನಾವು ಬಗ್ಗಿ ಮಾತ್ರೆ ಕೊಡುತ್ತೇವೆ. ಮೈಸೂರು ರಸ್ತೆಯ ಕಡೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಕೂತವನಿಗೆ ಗಲಭೆಯ ದಿನ ಊರು ಕಾಣುವುದು ಸೊಂಟದಿಂದ ಕೆಳಗೆ ಮಾತ್ರ. ಚಪ್ಪಲಿ, ಬೂಟು, ಬರಿಗಾಲು. ಆದರೂ ಕಾಲುಗಳು ಓಡುವ ರೀತಿ ನೋಡಿದರೆ ಅವು ಬೆನ್ನಟ್ಟುತ್ತಿವೆಯೋ ತಪ್ಪಿಸಿಕೊಳ್ಳುತ್ತಿವೆಯೋ ತಿಳಿಯುತ್ತದೆ.

1991ರ ಡಿಸೆಂಬರಿನ ಕಾವೇರಿ ಗಲಭೆ, 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ನಡೆದ ದೊಂಬಿ, 2000ದಲ್ಲಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾದಾಗಿನ ದಿನಗಳು, 2006ರಲ್ಲಿ ಅವರ ನಿಧನ, 2016ರಲ್ಲಿ ಒಂದೇ ವರ್ಷ ಎರಡು ಬಾರಿ, 2020ರ ಆಗಸ್ಟಿನಲ್ಲಿ ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿ. ಇವುಗಳ ಕಾರಣ ಒಂದೊಂದೂ ಬೇರೆ. ಯಾರದು ಸರಿ, ಯಾರದು ತಪ್ಪು ಎಂದು ಹೇಳಲು ನಾನು ಬಂದಿಲ್ಲ. ಹೇಳಿದರೆ ಇಲ್ಲೇ ಒಂದು ಗಲಭೆಯಾದೀತು. ಆದರೆ ಕೌಂಟರಿನ ಹಿಂದೆ ಕೂತವನ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ಹೇಳಲೇಬೇಕು. ಹೇಳಿ ಬರುವ ಬಂದ್ ಈ ಊರನ್ನು ಅಷ್ಟಾಗಿ ಸುಟ್ಟಿಲ್ಲ. ಸುಟ್ಟಿರುವುದು ಹೇಳದೆ ಬಂದ ಮಧ್ಯಾಹ್ನಗಳು.

2016ರ ಸೆಪ್ಟೆಂಬರನ್ನೇ ನೋಡಿ. ತಮಿಳುನಾಡಿಗೆ ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ 5ರಂದು ಆದೇಶ ಕೊಟ್ಟಿತು. 9ರಂದು, ಶುಕ್ರವಾರ, ಕರ್ನಾಟಕ ಬಂದ್. ಕೆಲವು ದಿನ ಮೊದಲೇ ಎಲ್ಲರಿಗೂ ಗೊತ್ತಿತ್ತು. ಶಾಲೆಗಳಿಗೆ ರಜೆ, ಬಸ್ಸುಗಳು ಡಿಪೋದಲ್ಲಿ, ಪೊಲೀಸರು ಮೂಲೆಮೂಲೆಯಲ್ಲಿ. ದೊಡ್ಡ ಅನಾಹುತವಿಲ್ಲದೆ ದಿನ ಕಳೆಯಿತು. ಎಲ್ಲರೂ ಉಸಿರು ಬಿಟ್ಟರು. ಮೂರು ದಿನ ಬಿಟ್ಟು ಸೋಮವಾರ, 12ರಂದು, ಯಾವ ಬಂದ್‌ನ ಕರೆಯೂ ಇರಲಿಲ್ಲ. ಮಕ್ಕಳು ಶಾಲೆಯಲ್ಲಿದ್ದರು, ದೊಡ್ಡವರು ಕಚೇರಿಯಲ್ಲಿದ್ದರು. ಬೆಳಿಗ್ಗೆ ಚೆನ್ನೈನಲ್ಲಿ ಕನ್ನಡಿಗರ ಹೋಟೆಲ್ ಮೇಲೆ ದಾಳಿಯಾದ ಸುದ್ದಿ ಬಂತು, ರಾಮೇಶ್ವರದಲ್ಲಿ ಕರ್ನಾಟಕದ ಚಾಲಕನಿಗೆ ಹೊಡೆಯುವ ವಿಡಿಯೊ ಫೋನಿನಿಂದ ಫೋನಿಗೆ ಹಾರಿತು. ಅದೇ ದಿನ ನ್ಯಾಯಾಲಯ ನೀರಿನ ಪ್ರಮಾಣವನ್ನು 12,000 ಕ್ಯೂಸೆಕ್‌ಗೆ ಇಳಿಸಿ, ದಿನಗಳನ್ನು 20ನೇ ತಾರೀಖಿನವರೆಗೆ ಎಳೆಯಿತು. ಮಧ್ಯಾಹ್ನದ ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಮೈಸೂರು ರಸ್ತೆ ನಿಂತಿತ್ತು. ನಾಯಂಡಹಳ್ಳಿಯ ಹತ್ತಿರ ಒಂದೇ ಡಿಪೋದಲ್ಲಿ ನಲವತ್ತಕ್ಕೂ ಹೆಚ್ಚು ಬಸ್ಸುಗಳು ಉರಿದವು. ಆ ಹೊಗೆ ನನ್ನ ಅಂಗಡಿಯೊಳಗೂ ಬಂದಿತ್ತು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಯುವಕ ಸತ್ತ.

ಅದೇ ವರ್ಷದ ಏಪ್ರಿಲ್ 18ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದಾಗಲೂ ಹಾಗೆಯೇ. ಭವಿಷ್ಯ ನಿಧಿಯ ಹಣವನ್ನು 58 ವರ್ಷದವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಅವರು ಹೊಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ನಿಲ್ಲಿಸಿಬಿಟ್ಟರು. ದೊಡ್ಡ ಸಂಘಟನೆ ಯಾವುದೂ ಮುಂಚಿತವಾಗಿ ಕರೆ ಕೊಟ್ಟಿರಲಿಲ್ಲ. ಮರುದಿನ ಕೇಂದ್ರ ಸರ್ಕಾರ ನಿಯಮವನ್ನೇ ಹಿಂತೆಗೆದುಕೊಂಡಿತು. (ಅವರ ಸಿಟ್ಟಿಗೆ ಅರ್ಥವಿತ್ತು ಎಂದು ನಾನು ಈಗಲೂ ಹೇಳುತ್ತೇನೆ, ಬಸ್ಸಿಗೆ ಬೆಂಕಿ ಇಟ್ಟವರು ಬೇರೆ.) 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡದ್ದು ಮಧ್ಯಾಹ್ನ. ಅದನ್ನು ಯಾರು ಮೊದಲೇ ತಿಳಿದಿದ್ದರು? ಅಂದು ಮತ್ತು ಮರುದಿನ ಕಂಠೀರವ ಸ್ಟುಡಿಯೋದ ಅಂತ್ಯಕ್ರಿಯೆ ಮುಗಿಯುವವರೆಗಿನ ಗಲಭೆಯಲ್ಲಿ ಒಬ್ಬ ಪೊಲೀಸ್ ಸಿಬ್ಬಂದಿಯೂ ಸೇರಿ ಎಂಟು ಜನ ಸತ್ತರು. ಅದೇ 2023ರ ಸೆಪ್ಟೆಂಬರ್ 26ರ ಬೆಂಗಳೂರು ಬಂದ್, 29ರ ಕರ್ನಾಟಕ ಬಂದ್ ನೋಡಿ. ವಿಷಯ ಅದೇ ಕಾವೇರಿ. ಹುಡುಗರು ಖಾಲಿ ರಸ್ತೆಯಲ್ಲಿ ಕ್ರಿಕೆಟ್ ಆಡಿದರು.

ಇನ್ನೊಂದು ಸಂಗತಿ, ಬೇಗ ಹೇಳಿ ಮುಗಿಸುತ್ತೇನೆ. ಇವುಗಳಲ್ಲಿ ಹೆಚ್ಚಿನವು ಒಂದು ದಿನದಿಂದ ಮೂರು ದಿನ. ಅಮೆರಿಕದವರ ವಿಡಿಯೊ ನೋಡಿ ಆರು ತಿಂಗಳ ಡಬ್ಬಿ ಆಹಾರ ಕೂಡಿಡುವ ಅಗತ್ಯ ನಮಗಿಲ್ಲ. ನಮ್ಮ ಮನೆಗಳಲ್ಲಿ ಅಕ್ಕಿ, ರಾಗಿ ಹಿಟ್ಟು, ಉಪ್ಪಿನಕಾಯಿ ಹೇಗೂ ಇರುತ್ತವೆ. ಮೂರು ದಿನ ಯಾರೂ ಉಪವಾಸ ಬೀಳುವುದಿಲ್ಲ.

ಹಾಗಾದರೆ ಜನ ಸಿಕ್ಕಿಹಾಕಿಕೊಳ್ಳುವುದು ಎಲ್ಲಿ? ಮನೆಗೆ ಹೋಗುವ ದಾರಿಯಲ್ಲಿ. 2016ರಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ, ಹೆಸರು ಬೇಡ, ಸುದ್ದಿ ಕೇಳಿದ ಕೂಡಲೇ ಸಾವಿರಾರು ಜನರನ್ನು ಒಟ್ಟಿಗೆ ಮನೆಗೆ ಕಳಿಸಿತು. ಉಳಿದ ಕಂಪನಿಗಳೂ ಹಾಗೆಯೇ ಮಾಡಿದವು. ಶಾಲೆಗಳೂ ಅದೇ ಹೊತ್ತಿಗೆ ಬಿಟ್ಟವು. ಬಿಎಂಟಿಸಿ ಬಸ್ಸುಗಳು ಡಿಪೋ ಸೇರಿದವು. ಒಂದೇ ಗಂಟೆಯಲ್ಲಿ ಇಡೀ ಊರು ಬೀದಿಗೆ ಬಂತು, ಅದೂ ಬೀದಿಯಲ್ಲಿ ಇರಬಾರದ ಗಂಟೆಯಲ್ಲಿ. ಆ ಕಂಪನಿಯ ಒಬ್ಬ ಹುಡುಗಿ ಸಿರ್ಸಿ ವೃತ್ತದಿಂದ ನಡೆದುಕೊಂಡೇ ಬಂದು, ಶಟರಿನ ಕೆಳಗೆ ಬಗ್ಗಿ, ಕಾಲಿನ ಗುಳ್ಳೆಗೆ ಪಟ್ಟಿ ಕೇಳಿದಳು. ‘ಆಫೀಸಿನಲ್ಲೇ ಇರಬಹುದಿತ್ತಲ್ಲಮ್ಮ, ಕ್ಯಾಂಟೀನಿತ್ತು, ಗೇಟಿತ್ತು’ ಎಂದೆ. ‘ಎಲ್ಲರೂ ಹೊರಟರು ಅಂಕಲ್’ ಎಂದಳು.

ನಾನು ಹೇಳಬೇಕೆಂದು ಬಂದದ್ದು ಇದನ್ನೇ. ಗಲಭೆಗೆ ಸಿದ್ಧತೆ ಎಂದರೆ ಇದ್ದಲ್ಲೇ ಒಂದು ರಾತ್ರಿ ಇರಲು ಸಿದ್ಧತೆ. ಮನೆಯಲ್ಲಿದ್ದರೆ ಮನೆಯಲ್ಲಿ, ಕಚೇರಿಯಲ್ಲಿದ್ದರೆ ಕಚೇರಿಯಲ್ಲಿ, ಮಗು ಶಾಲೆಯಲ್ಲಿದ್ದರೆ ಶಾಲೆಯಲ್ಲಿ ಅಥವಾ ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಇರುವ ಒಬ್ಬ ಸಹಪಾಠಿಯ ಮನೆಯಲ್ಲಿ. ಆ ಸಹಪಾಠಿಯ ತಾಯಿಯ ಹೆಸರನ್ನು ಶಾಲೆಯಲ್ಲಿ ಈಗಲೇ ಬರೆಸಿಡಿ. ಅಂದು ಫೋನ್ ಮಾಡಿದರೆ ಶಾಲೆಯವರು ಮಗುವನ್ನು ಯಾರ ಕೈಗೂ ಕೊಡುವುದಿಲ್ಲ, ಕೊಡಲೂಬಾರದು. ಕಚೇರಿಯ ಚೀಲದಲ್ಲಿ ಎರಡು ದಿನದ ಮಾತ್ರೆ, ಚಾರ್ಜರ್, ಐನೂರು ರೂಪಾಯಿ ಚಿಲ್ಲರೆ, ನಾಲ್ಕು ಫೋನ್ ನಂಬರ್ ಬರೆದ ಕಾಗದ. ಕಾಗದ ಏಕೆಂದರೆ ಹೆಂಡತಿಯ ನಂಬರ್ ಬಾಯಿಪಾಠ ಇರುವ ಗಂಡಸರು ಈ ಸಭೆಯಲ್ಲಿ ಎಷ್ಟು ಜನರಿದ್ದೀರಿ, ಕೈ ಎತ್ತಿ. ನೋಡಿದಿರಾ, ಮೂರು ಜನ.

ಈಗ ಇನ್ನೊಂದು ಪ್ರಶ್ನೆ. ನಿಮ್ಮ ಮನೆ ಯಾವ ಪೊಲೀಸ್ ಠಾಣೆಯ ವ್ಯಾಪ್ತಿಗೆ ಬರುತ್ತದೆ? ವಾರ್ಡ್ ಗೊತ್ತು, ಶಾಸಕರು ಗೊತ್ತು, ಪಿನ್ ಕೋಡ್ ಗೊತ್ತು. ಕರ್ಫ್ಯೂ ಇವು ಯಾವುದನ್ನೂ ನೋಡುವುದಿಲ್ಲ, ಅದು ಠಾಣೆಯ ಗಡಿ ನೋಡುತ್ತದೆ. 2016ರಲ್ಲಿ ಕರ್ಫ್ಯೂ ಹಾಕಿದ್ದು ಇಡೀ ಬೆಂಗಳೂರಿಗಲ್ಲ, 16 ಠಾಣೆಗಳ ವ್ಯಾಪ್ತಿಗೆ. ವಿಜಯನಗರ, ಚಂದ್ರಾ ಲೇಔಟ್, ಕಾಮಾಕ್ಷಿಪಾಳ್ಯ, ಬ್ಯಾಟರಾಯನಪುರ, ಕೆಂಗೇರಿ ಹೀಗೆ ಹೆಚ್ಚಾಗಿ ನಮ್ಮ ಪಶ್ಚಿಮದ ಕಡೆಯವು. ರಸ್ತೆಯ ಈಚೆ ಕರ್ಫ್ಯೂ, ಆಚೆ ಇಡ್ಲಿ ಹೋಟೆಲು ತೆರೆದಿತ್ತು. ಮರುದಿನ ಬಕ್ರೀದ್, ನಮಾಜಿಗೆ ಹೋಗುವುದು ಹೇಗೆ ಎಂದು ನನ್ನ ಪಕ್ಕದ ಟೈಲರ್ ಮಾಡಿದ ಮೊದಲ ಕೆಲಸ, ತನ್ನ ಮನೆ ಯಾವ ಠಾಣೆಗೆ ಸೇರಿದೆ ಎಂದು ವಿಚಾರಿಸಿದ್ದು.

ನಿಷೇಧಾಜ್ಞೆಗೂ ಕರ್ಫ್ಯೂಗೂ ವ್ಯತ್ಯಾಸ ತಿಳಿದಿರಲಿ. ನಾವೆಲ್ಲ 144 ಎಂದು ಕರೆಯುತ್ತಿದ್ದ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದೆ. ಸಾಮಾನ್ಯವಾಗಿ ಅದು ಗುಂಪು ಸೇರುವುದನ್ನು, ಆಯುಧ ಹಿಡಿದು ಓಡಾಡುವುದನ್ನು ತಡೆಯುತ್ತದೆ. ನೀವು ಒಬ್ಬರೇ ಹೋಗಿ ಹಾಲು ತರುವುದನ್ನಲ್ಲ. ಕರ್ಫ್ಯೂ ಎಂದರೆ ಹೊಸ್ತಿಲು ದಾಟುವಂತಿಲ್ಲ. ಆಗ ಆಸ್ಪತ್ರೆಗೆ ಹೋಗಬೇಕಾದರೆ ಸ್ವಂತ ಸ್ಕೂಟರ್ ಹತ್ತಬೇಡಿ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಕೈಯಲ್ಲಿ ಡಾಕ್ಟರ ಚೀಟಿ ಇಟ್ಟುಕೊಳ್ಳಿ. ರಾತ್ರಿ ಪಾಳಿಯಲ್ಲಿ ಹತ್ತು ಗಂಟೆ ನಿಂತ ಕಾನ್‌ಸ್ಟೆಬಲ್‌ಗೆ ಕಥೆ ಕೇಳುವ ತಾಳ್ಮೆ ಇರುವುದಿಲ್ಲ. ಚೀಟಿಯನ್ನು ಮಾತ್ರ ನೋಡುತ್ತಾರೆ.

ಇನ್ನು ನನ್ನ ಕಸುಬಿಗೆ ಬರುತ್ತೇನೆ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಗಲಭೆಯ ಸುದ್ದಿ ಬಂದ ಮೊದಲ ಅರ್ಧ ಗಂಟೆಯಲ್ಲಿ ಜನ ನನ್ನ ಅಂಗಡಿಯಿಂದ ಒಯ್ಯುವುದು ಏನು ಗೊತ್ತೇ? ಜ್ವರದ ಮಾತ್ರೆ, ನೋವಿನ ಮುಲಾಮು, ಸೊಳ್ಳೆ ಬತ್ತಿ. ಭಯಕ್ಕೆ ಕೈ ಏನನ್ನಾದರೂ ಹಿಡಿಯಬೇಕು, ಹಿಡಿಯುತ್ತದೆ. ನಿಜವಾಗಿ ಬೇಕಾದವರು ಬರುವುದು ಎರಡನೆಯ ದಿನ, ಹೆದರಿಕೊಂಡು, ಗಲ್ಲಿಗಳಲ್ಲಿ ನುಸುಳಿಕೊಂಡು. ಒಬ್ಬ ಅಜ್ಜ ಫಿಟ್ಸ್ ಮಾತ್ರೆಯ ಖಾಲಿ ಸ್ಟ್ರಿಪ್ ಹಿಡಿದು ಬಂದಿದ್ದರು, ಮೊಮ್ಮಗನಿಗೆ. ಮೂರ್ಛೆರೋಗದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಕೆಲವು ಹೃದಯದ ಮಾತ್ರೆಗಳು, ಕೆಲವು ಮನೋರೋಗದ ಮಾತ್ರೆಗಳು ಕೂಡ ಹಾಗೆಯೇ ಥಟ್ಟನೆ ಬಿಡುವಂಥವಲ್ಲ. ಪೇಟೆಯಿಂದ ಸ್ಟಾಕಿಸ್ಟರ ಗಾಡಿ ಬರದಿದ್ದರೆ ನನ್ನ ಬಳಿಯೂ ಅವು ಖಾಲಿಯಾಗುತ್ತವೆ. ಆದ್ದರಿಂದ ತಿಂಗಳ ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ಮುಂದಿನ ತಿಂಗಳದ್ದನ್ನು ತಂದಿಡಿ. ಕೊನೆಯ ಸ್ಟ್ರಿಪ್‌ನ ಕೊನೆಯ ಗುಳಿಗೆ ನುಂಗಿ ಅಂಗಡಿಗೆ ಬರುವ ಶಿಸ್ತು ನಮ್ಮ ಊರಿನವರಿಗೆ ಯಾರು ಕಲಿಸಿದರೋ ತಿಳಿಯದು.

ಇನ್ಸುಲಿನ್ ತೆಗೆದುಕೊಳ್ಳುವವರು ಕೇಳಿ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರೀಜರಿನಲ್ಲಿ ಅಲ್ಲವೇ ಅಲ್ಲ. ಬಳಸಲು ಶುರು ಮಾಡಿದ್ದು ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಕರೆಂಟ್ ಹೋಯಿತೆಂದು ಗಾಬರಿಬಿದ್ದು ಕರ್ಫ್ಯೂನಲ್ಲಿ ಐಸ್ ಹುಡುಕಿಕೊಂಡು ಹೊರಟ ಒಬ್ಬರನ್ನು ನಾನೇ ವಾಪಸ್ ಕಳಿಸಿದ್ದೇನೆ. ಮಣ್ಣಿನ ಮಡಕೆಯಲ್ಲಿ ನೀರು ಹಾಕಿ, ಅದರೊಳಗೆ ಸಣ್ಣ ಪಾತ್ರೆಯಿಟ್ಟು, ಬಾಟಲಿ ಒದ್ದೆಯಾಗದಂತೆ ಇಟ್ಟರೆ ನಮ್ಮ ಬೆಂಗಳೂರಿನ ಹವೆಗೆ ಎರಡು ದಿನ ಧಾರಾಳವಾಗಿ ಸಾಕು. ಆಸ್ತಮಾ ಇರುವವರಿಗೆ ಟೈರ್ ಸುಟ್ಟ ಹೊಗೆ ಕಲ್ಲಿಗಿಂತ ದೊಡ್ಡ ಶತ್ರು. ಇನ್‌ಹೇಲರ್ ಎರಡಿರಲಿ, ಕಿಟಕಿ ಮುಚ್ಚಿರಲಿ. ಅಶ್ರುವಾಯು ಕಣ್ಣಿಗೆ ತಾಗಿದರೆ ಉಜ್ಜಬೇಡಿ, ಗಾಳಿ ಬರುವ ದಿಕ್ಕಿಗೆ ಸರಿದು ಶುದ್ಧ ನೀರಿನಿಂದ ಹಲವು ಸಲ ತೊಳೆಯಿರಿ, ಲೆನ್ಸ್ ಇದ್ದರೆ ತೆಗೆಯಿರಿ, ಬಟ್ಟೆ ಬದಲಿಸಿ. ಡಯಾಲಿಸಿಸ್‌ನವರು ಮಾತ್ರ ಇದ್ದಲ್ಲೇ ಇರಲಾರರು. ಅವರಿಗೆ ವಾರಕ್ಕೆ ಎರಡು ಮೂರು ಸಲ ಹೋಗಲೇಬೇಕು. ಅವರ ಕೇಂದ್ರದಿಂದ ದಿನ, ಸಮಯ ನಮೂದಿಸಿದ ಪತ್ರವೊಂದು ಸದಾ ಜೇಬಿನಲ್ಲಿರಲಿ. ಈ ಬೀದಿಯಲ್ಲಿ ಅಂಥವರು ಯಾರು ಎಂದು ಸಂಘಕ್ಕೆ ಗೊತ್ತಿರಲಿ.

ನೀರು, ಹಣ, ವಾಹನದ ಬಗ್ಗೆ ನಾಲ್ಕೇ ಮಾತು. ಬಂದ್ ದಿನ ಟ್ಯಾಂಕರ್ ಬರುವುದಿಲ್ಲ, ಸಂಪು ಅರ್ಧಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಇಂಟರ್‌ನೆಟ್ ನಿಲ್ಲಿಸಿದರೆ ಸೊಪ್ಪಿನವಳ ಮುಂದೆ ಕ್ಯೂಆರ್ ಹಾಳೆ ಇದ್ದೂ ಪ್ರಯೋಜನವಿಲ್ಲ, ಮನೆಯಲ್ಲಿ ನೋಟಿರಲಿ. ಕಾರಿಗೆ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಸುಟ್ಟ ಕಾರಿಗೆ ಒಂದು ಪೈಸೆಯೂ ಬರುವುದಿಲ್ಲ. ಸಮಗ್ರ ವಿಮೆಯಲ್ಲಿ ಗಲಭೆಯ ಹಾನಿ ಸೇರಿರುತ್ತದೆ. ಅಂಗಡಿ ಇಟ್ಟವರು ಪಾಲಿಸಿಯಲ್ಲಿ ಗಲಭೆ, ಮುಷ್ಕರ ಎಂಬ ಪದಗಳಿವೆಯೇ ಎಂದು ಇಂದೇ ಓದಿ, ಸರಕಿನ ಫೋಟೋ ಮತ್ತು ಬಿಲ್ಲುಗಳನ್ನು ಅಂಗಡಿಯ ಹೊರಗೆ ಬೇರೆಲ್ಲಾದರೂ ಇಡಿ. ಅಂಗಡಿಯ ಜೊತೆ ಬಿಲ್ಲೂ ಸುಟ್ಟರೆ ಯಾರ ಮುಂದೆ ಏನನ್ನು ತೋರಿಸುತ್ತೀರಿ?

ಗಾಳಿಸುದ್ದಿಯ ವಿಚಾರ ಮಾತ್ರ ನಾಲ್ಕು ಮಾತಿನಲ್ಲಿ ಮುಗಿಯುವುದಿಲ್ಲ. 2012ರ ಆಗಸ್ಟ್ 15ರ ಸಂಜೆ. ನಮ್ಮ ಬೀದಿಯ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದ ಅಸ್ಸಾಮಿನ ಹುಡುಗಿ ಬಂದು ವಾಂತಿಯ ಮಾತ್ರೆ ಒಂದು ಸ್ಟ್ರಿಪ್, ಓಆರ್‌ಎಸ್ ಹತ್ತು ಪೊಟ್ಟಣ ಕೇಳಿದಳು. ಇಷ್ಟೇಕೆ ಎಂದೆ. ‘ಟ್ರೇನ್, ಎರಡು ದಿನಕ್ಕಿಂತ ಜಾಸ್ತಿ’ ಎಂದಳು. ರಂಜಾನ್ ಮುಗಿಯುವುದರೊಳಗೆ ಈಶಾನ್ಯದವರನ್ನು ಹೊಡೆಯುತ್ತಾರಂತೆ ಎಂಬ ಎಸ್‌ಎಂಎಸ್ ಅವಳ ಫೋನಿನಲ್ಲಿತ್ತು. ಆ ರಾತ್ರಿಯಿಂದ ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಸಾವಿರ ಸಾವಿರ ಜನ ಹೊರಟರು. ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್ ನಿಷೇಧಿಸಿ, ಒಬ್ಬರಿಗೆ ದಿನಕ್ಕೆ ಐದೇ ಎಂದು ಮಿತಿ ಹಾಕಿತು. ಬೀದಿಯಲ್ಲಿ ಬೆಂಕಿಯಿಲ್ಲ, ಮೆರವಣಿಗೆಯಿಲ್ಲ. ಆದರೂ ಊರು ಖಾಲಿಯಾಗುತ್ತಿತ್ತು. ನಾನು ಆ ಹುಡುಗಿಗೆ ಮಾತ್ರೆ ಕೊಟ್ಟೆ, ಚಿಲ್ಲರೆ ಕೊಟ್ಟೆ. ‘ಹೋಗಬೇಡಮ್ಮ, ನಮ್ಮ ಮನೆಯಲ್ಲಿ ಇರು’ ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಬಂದಿದ್ದರೆ ಅವಳು ಉಳಿಯುತ್ತಿದ್ದಳೋ ಇಲ್ಲವೋ. ಆಮೇಲೆ ಅವಳು ತಿರುಗಿ ಬರಲಿಲ್ಲ.

ಅವತ್ತಿನಿಂದ ನಾನು ಇದ್ದಲ್ಲೇ ಇರಿ ಎನ್ನುವಾಗ ಒಂದು ಮಾತು ಸೇರಿಸುತ್ತೇನೆ. ಇರುವುದಕ್ಕೆ ಒಂದು ನೆಲೆ ಬೇಕು, ಅದನ್ನು ಕೊಡುವ ಮನೆ ಯಾವುದು ಎಂದು ಮೊದಲೇ ಗೊತ್ತಿರಬೇಕು. ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನು ಕರ್ಫ್ಯೂ ರಾತ್ರಿ ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ? ಮನೆಗೆಲಸದಾಕೆ ಮಧ್ಯಾಹ್ನ ಮೂರಕ್ಕೆ ಸಿಕ್ಕಿಕೊಂಡರೆ? ಪಾರ್ಸೆಲ್ ತಂದ ಹುಡುಗ? ಇವರ ಲೆಕ್ಕ ಯಾವ ಸಂಘದ ಪುಸ್ತಕದಲ್ಲೂ ಇರುವುದಿಲ್ಲ.

ಮಹಾರಾಷ್ಟ್ರದ ಭಿವಂಡಿಯ ಕಥೆ ಕೇಳಿರಬಹುದು. ಮಗ್ಗಗಳ ಊರು. 1970ರಲ್ಲಿ, 1984ರಲ್ಲಿ ಭೀಕರವಾಗಿ ಹೊತ್ತಿ ಉರಿದ ಊರು. 1980ರ ದಶಕದ ಕೊನೆಗೆ ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಅಲ್ಲಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಗಲ್ಲಿಗಲ್ಲಿಗೆ ಒಂದು, ಎರಡೂ ಸಮುದಾಯದ ಸಾಮಾನ್ಯ ಜನ, ಜೊತೆಗೆ ಠಾಣೆಯವರು. ಗಲಾಟೆ ಇಲ್ಲದ ದಿನಗಳಲ್ಲಿ ಕೂತು ಮಾತಾಡುವುದೇ ಅವರ ಕೆಲಸ. 1992ರ ಡಿಸೆಂಬರಿನಲ್ಲಿ ಪಕ್ಕದ ಮುಂಬೈ ಉರಿಯುವಾಗ ಭಿವಂಡಿ ಶಾಂತವಾಗಿತ್ತು. ನಮ್ಮ ಠಾಣೆಗಳಲ್ಲೂ ಶಾಂತಿ ಸಭೆ ನಡೆಯುತ್ತದೆ, ಗಣೇಶ ಹಬ್ಬ, ಈದ್‌ಗಳ ಹಿಂದಿನ ವಾರ. ಟೀ ಬಿಸ್ಕತ್ತು, ಒಂದು ಫೋಟೋ, ಮುಗಿಯಿತು. ಸಂಘದಿಂದ ಇಬ್ಬರು ಪ್ರತಿ ಸಲ ಹೋಗಿ. ಬೀಟ್ ಪೊಲೀಸರಿಗೆ ನಿಮ್ಮ ಮುಖ ಗುರುತಾಗಲಿ. ‘ಅಲ್ಲಿ ಬೆಂಕಿ ಇಟ್ಟರಂತೆ’ ಎಂದು ಗ್ರೂಪಿನಲ್ಲಿ ಬಂದಾಗ ಫೋನ್ ಮಾಡಿ ಕೇಳುವವರು ಆ ಇಬ್ಬರೇ ಆಗಲಿ, ಉಳಿದವರು ಅವರ ಉತ್ತರ ಬರುವವರೆಗೆ ಮುಂದಕ್ಕೆ ಕಳಿಸದೆ ಕಾಯಲಿ. 2020ರಲ್ಲಿ ಡಿ.ಜೆ. ಹಳ್ಳಿಯಲ್ಲಿ ಠಾಣೆಯ ಮೇಲೇ ದಾಳಿಯಾದ ರಾತ್ರಿ, ಅಲ್ಲಿನ ಮುಸ್ಲಿಂ ಹುಡುಗರು ಕೈ ಕೈ ಹಿಡಿದು ಒಂದು ದೇವಸ್ಥಾನದ ಸುತ್ತ ನಿಂತದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ.

ಸಮಯ ಮೀರಿತು ಎಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮುಂದಿನ ಸಾಲಿನ ಅಮ್ಮ ಆಗಲೇ ಒಂದು ಚೀಟಿ ಕಳಿಸಿದ್ದರು: ‘ಅರ್ಧ ಶಟರಿಗೆ ಯಾರಾದರೂ ಬಂದು ಹೊಡೆದರೆ ಏನು ಮಾಡುತ್ತೀರಿ?’

ಬಂದಿದ್ದಾರೆ ಅಮ್ಮ. 2016ರ ಅದೇ ಸೋಮವಾರ, ಸಂಜೆ ಐದರ ಸುಮಾರಿಗೆ ದೊಣ್ಣೆಯಿಂದ ಶಟರಿಗೆ ಬಡಿದ ಶಬ್ದ. ಬಗ್ಗಿ ನೋಡಿದೆ. ಇಪ್ಪತ್ತು ವರ್ಷದ ಹುಡುಗ, ಅಂಗೈ ಸೀಳಿ ರಕ್ತ ಸುರಿಯುತ್ತಿತ್ತು. ಯಾವುದೋ ಗಾಜು ಒಡೆದಿದ್ದನೆಂದು ಕಾಣುತ್ತದೆ. ಹತ್ತಿ, ಡೆಟಾಲ್, ಬ್ಯಾಂಡೇಜ್ ಕೊಟ್ಟು, ಗಾಯ ಆಳವಾಗಿದೆ, ಹೊಲಿಗೆ ಹಾಕಿಸಿಕೊ, ಟಿಟಿ ಇಂಜೆಕ್ಷನ್ ತೆಗೆದುಕೊ ಎಂದೆ. ಎಷ್ಟಾಯಿತು ಎಂದು ಕೇಳಿ ದುಡ್ಡು ಕೊಟ್ಟ. ಹೋಗುತ್ತ ಮತ್ತೆ ಬಗ್ಗಿ, ‘ಅಂಕಲ್, ಶಟರ್ ಪೂರ್ತಿ ಎಳೆದುಕೊಳ್ಳಿ, ಹಿಂದೆ ಇನ್ನೊಂದು ಗುಂಪು ಬರುತ್ತಿದೆ’ ಎಂದ.

ಎಳೆದುಕೊಂಡೆ. ಒಳಗೆ ಆಗ ಏಳು ಜನರಿದ್ದೆವು. ನಾನು, ನನ್ನ ಹುಡುಗ, ಕಾಲಿನ ಗುಳ್ಳೆಯ ಆ ಹುಡುಗಿ, ಮಗುವಿನ ಹಾಲಿನ ಪುಡಿಗೆ ಬಂದಿದ್ದ ಗಂಡ ಹೆಂಡತಿ, ಪಕ್ಕದ ಟೈಲರ್. ಏಳನೆಯವನು ತಮಿಳುನಾಡಿನ ನಾಮಕ್ಕಲ್ ಕಡೆಯ ಲಾರಿ ಕ್ಲೀನರ್. ಔಷಧಿಯ ಪೆಟ್ಟಿಗೆಗಳ ಹಿಂದೆ ಕೂತಿದ್ದ, ರಾತ್ರಿ ಹನ್ನೊಂದರವರೆಗೆ ಒಂದೂ ಮಾತಾಡಲಿಲ್ಲ.